ತಪ್ಪು ಯಾರದು?

ಬರ್ಮಿಂಗ್‌ಹ್ಯಾಮ್‌ನ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ ನಡೆದ ‘ಅಜಿಲಿಟಿ’ ಎಂಬ ಅಡೆತಡೆ ಓಟವನ್ನು ಟೀವಿಯಲ್ಲಿ ನೋಡಿದೆ. 1978ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ಇದೇ ಪ್ರದರ್ಶನದ ಬಿಡುವಿನ ವೇಳೆ ಪ್ರೇಕ್ಷಕರನ್ನು ರಂಜಿಸಲೆಂದು, ಕುದುರೆ ಜಿಗಿತದ ಮಾದರಿಯಲ್ಲಿ ಹುಟ್ಟಿದ ಆಟವಿದು. ದಾರಿಯನ್ನು ಮೊದಲೇ ನಡೆದು ನೋಡುವ ಅವಕಾಶ ಓಡಿಸುವವರಿಗಷ್ಟೇ; ನಾಯಿಗಿಲ್ಲ. ಅದು ಓಡುತ್ತಲೇ ಅವರ ಕೈ, ಭುಜ, ದನಿಗಳಿಂದ ದಾರಿ ತಿಳಿಯಬೇಕು. ಅಡ್ಡಗೋಲು ಬಿದ್ದರೆ 5 ಅಂಕ ದಂಡ.

ವೀಕ್ಷಕ ವಿವರಣೆಯವರು ಸೆಕೆಂಡುಗಳನ್ನೇ ಎಣಿಸಿದ್ದು ನನಗೆ ಕೊರತೆಯೆನಿಸಿತು. ಈ ಆಟದ ಸೊಗಸಿರುವುದು ಹೇಳುವವರ, ಕೇಳುವವರ ಹೊಂದಾಣಿಕೆಯಲ್ಲಿ. ಒಂದು ನಾಯಿ ತಪ್ಪು ಸುರಂಗ ಹೊಕ್ಕು ಸ್ಪರ್ಧೆಯಿಂದ ಹೊರಬಿತ್ತು. ಒಡತಿ ತಡವಾಗಿ ಕೂಗಿದ್ದಳು. ಆಕೆ ಗದರಲಿಲ್ಲ, ಬಾಚಿ ಅಪ್ಪಿಕೊಂಡಳು.

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ನಾನೇ ಸರಿಯಾಗಿ ಹೇಳದ ಪಾಠಕ್ಕೆ ಎಷ್ಟು ಮಕ್ಕಳ ಅಂಕ ಕಳೆದಿದ್ದೇನೋ!