ವಿಲಂಬಿತದಲ್ಲಿ ನೋಡಬೇಕಾದ ಕಂಬಗಳು
ಗದುಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಗೆ ಬಂದವರು ಕಂಬಗಳ ಫೋಟೊ ತೆಗೆದು ಮುಂದೆ ನಡೆಯುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಈ ಕುಸುರಿ ಆ ಅವಸರಕ್ಕೆ ದಕ್ಕುವಂಥದ್ದಲ್ಲ. ಬಳೆಯ ಮೇಲೆ ಬಳೆ, ನಡುವೆ ಪುಟ್ಟ ಗೂಡುಗಳು, ಗೂಡಿನೊಳಗೆ ಮೂರ್ತಿಗಳು. ಮೆದುಗಲ್ಲಿನಲ್ಲಿ ಉಳಿ ಎಷ್ಟು ಆಳಕ್ಕಿಳಿದಿದೆ ಎಂಬುದು ನೆರಳು ನೋಡಿದರಷ್ಟೇ ತಿಳಿಯುತ್ತದೆ. ಇದನ್ನು ಕಾಣಲು ಕಿವಿಯ ನೆರವು ಬೇಕು ಎಂಬುದು ನನ್ನ ವಾದ. 1922ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ವಿಲಂಬಿತ ಖಯಾಲು ಕೇಳಿ: ಒಂದು ಸ್ವರ ಪೂರ್ತಿ ನೆಲೆಗೊಳ್ಳದೆ ಇನ್ನೊಂದು ಬರುವುದಿಲ್ಲ. ಅದಕ್ಕೆ ಮನಸ್ಸು ಕೊಟ್ಟ ಕಣ್ಣೂ ಪೀಠದಿಂದ ಬೋದಿಗೆಗೆ ಅಷ್ಟೇ ನಿಧಾನವಾಗಿ ಏರುತ್ತದೆ.

ಈ ಗುಡಿ ಖಯಾಲಿಗಿಂತ ಶತಮಾನಗಳಷ್ಟು ಹಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಶಿಲ್ಪಿ ಈ ಹಾಡು ಕೇಳಿದವನಲ್ಲ. ಆದರೆ ನಾನು ಹೇಳುತ್ತಿರುವುದು ಇತಿಹಾಸದ ನಂಟನ್ನಲ್ಲ, ನೋಟದ ಗತಿಯನ್ನು. ಸಂಗೀತ ಗಮನ ಕದಿಯುತ್ತದೆ ಎಂಬ ಆಕ್ಷೇಪವೂ ಸರಿಯೇ, ದ್ರುತದ ತಾನುಗಳ ಮಟ್ಟಿಗೆ. ಆಲಾಪ ಗಮನವನ್ನು ಕದಿಯದು, ಹಿಡಿದು ನಿಲ್ಲಿಸುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ನಡೆಯುವ ಪುಲಿಗೆರೆ ಉತ್ಸವ ಕಲ್ಲು, ಹಾಡು ಎರಡನ್ನೂ ಒಂದೇ ಅಂಗಳದಲ್ಲಿ ಕೂಡಿಸುತ್ತದೆ. ಹೋದವರು ವೇದಿಕೆಯನ್ನಷ್ಟೇ ನೋಡಬೇಡಿ. ಗೋಡೆಯ ಒಂದು ಶಿಲ್ಪವನ್ನು ಆರಿಸಿಕೊಂಡು ರಾಗ ಮುಗಿಯುವ ತನಕ ಅದನ್ನೇ ನೋಡಿ.