ಮಾಖಾಳ ಬೇನೆ, ಸಂಕಮ್ಮನ ಭಾಷೆ

ಕುವೆಂಪು ಅವರಿಗೆ ‘ಕನ್ನಡದಲ್ಲಿ ಬರೆಯಿರಿ’ ಎಂದು ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಮಗೆಲ್ಲ ಗೊತ್ತು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ತಂದಿದ್ದ ಹುಡುಗ 1924ರಲ್ಲಿ ಮೈಸೂರಿನಲ್ಲಿ ಆತನನ್ನು ಕಂಡ ಕಥೆಯನ್ನು ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಆ ಮನುಷ್ಯನಿಗೆ ಅಂಥ ಮಾತು ಹೊಳೆದದ್ದು ಹೇಗೆ ಎಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಕಸಿನ್ಸ್ ಬಂದದ್ದು ಹಳೆಯ ನುಡಿ ಬಹುಪಾಲು ಜನರ ಬಾಯಿಂದ ಜಾರಿಹೋಗಿದ್ದ ನಾಡಿನಿಂದ. ಯೇಟ್ಸ್, ಎ.ಇ., ಲೇಡಿ ಗ್ರೆಗರಿ ಮುಂತಾದವರು ಆ ನಾಡಿನ ಹಳೆಯ ದೇವರುಗಳನ್ನು ಇಂಗ್ಲಿಷಿನಲ್ಲೇ ಹುಡುಕುತ್ತಿದ್ದ ಕಾಲದಲ್ಲಿ ಅವರ ನಾಟಕಗಳಲ್ಲಿ ಬಣ್ಣ ಹಚ್ಚಿದವನು ಆತ. ಕಳೆದುಕೊಂಡವನಿಗೆ ಗೊತ್ತಿರುವುದು ಉಳಿಸಿಕೊಂಡವನಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಅವನ ಹೆಂಡತಿ ಮಾರ್ಗರೆಟ್ ಕಸಿನ್ಸ್ ಬಗ್ಗೆ ನಮ್ಮ ಪುಸ್ತಕಗಳು ಇನ್ನೂ ಜಿಪುಣ. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಜೈಲಿಗೆ ಹೋಗಿ ಬಂದವಳು. 1917ರಲ್ಲಿ ಮದ್ರಾಸಿನಲ್ಲಿ ಭಾರತೀಯ ಮಹಿಳಾ ಸಂಘ ಕಟ್ಟಿದವರಲ್ಲಿ ಒಬ್ಬಳು. 1919ರಲ್ಲಿ ಮದನಪಲ್ಲಿಯಲ್ಲಿ ‘ಜನಗಣಮನ’ಕ್ಕೆ ಸ್ವರ ಬರೆದಿಟ್ಟವಳು. ಇರಲಿ, ಅವಳದೇ ಬೇರೆ ಲೇಖನ ಆಗಬೇಕು.

ಡಬ್ಲಿನ್ನಿನ ಆಸ್ಪತ್ರೆಯಲ್ಲಿ ದಾದಿಯಾಗಿರುವ ನಮ್ಮ ಅಣ್ಣನ ಮಗಳು ರಜೆಗೆ ಬಂದಾಗ ನನಗೆ ಎರಡು ಪುಸ್ತಕ ತಂದುಕೊಟ್ಟಳು. ಒಂದು, ಲೇಡಿ ಗ್ರೆಗರಿ 1902ರಲ್ಲಿ ಪ್ರಕಟಿಸಿದ ‘ಕೂಖುಲಿನ್ ಆಫ್ ಮುರ್ಹೆವ್ನೆ’. ಇನ್ನೊಂದು, ಥಾಮಸ್ ಕಿನ್ಸೆಲ್ಲಾ 1969ರಲ್ಲಿ ಮಾಡಿದ ‘ದ ಟಾಯಿನ್’, ಲೂಯಿ ಲ ಬ್ರಾಕಿಯ ಕಪ್ಪು ಮಸಿಯ ಚಿತ್ರಗಳಿರುವಂಥದ್ದು. ಎರಡೂ ಹೆಚ್ಚುಕಡಿಮೆ ಒಂದೇ ಕಥೆ. ನಾನು ಬಿ.ಎ. ಇಂಗ್ಲಿಷಿನವಳು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಓದುವವಳು. ನಿಧಾನವಾಗಿ ಓದುವವರಿಗೆ ಒಂದು ಲಾಭ ಉಂಟು. ಯಾವುದನ್ನು ಬಿಟ್ಟಿದ್ದಾರೆಂಬುದು ಕಣ್ಣಿಗೆ ಬೀಳುತ್ತದೆ.

ಕಥೆಯ ಎಳೆ ಇಷ್ಟು. ಕೊನಾಕ್ಟಿನ ರಾಣಿ ಮೇವ್ ಮತ್ತು ಗಂಡ ಆಲಿಲ್ ಹಾಸಿಗೆಯ ಮೇಲೆ ಮಲಗಿಕೊಂಡು ಯಾರ ಆಸ್ತಿ ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ಪಾತ್ರೆ ಪಗಡ, ಬಂಗಾರ, ಕುರಿ, ಕುದುರೆ ಎಲ್ಲ ಸಮ. ಒಂದು ಬಿಳಿಗೊಂಬಿನ ಹೋರಿ ಮಾತ್ರ ಗಂಡನ ಪಾಲಿನಲ್ಲಿ ಹೆಚ್ಚು. ಅದು ಹುಟ್ಟಿದ್ದು ಮೇವಳ ದನದಲ್ಲೇ. ಆದರೆ ಹೆಂಗಸಿನ ಸೊತ್ತಾಗಿರುವುದು ತನಗೆ ಮರ್ಯಾದೆಯಲ್ಲವೆಂದು ತಾನೇ ಎದ್ದು ಗಂಡನ ಮಂದೆಗೆ ಹೋಯಿತಂತೆ! ಅದಕ್ಕೆ ಸಮನಾದ ಹೋರಿಗಾಗಿ ಆಕೆ ಅಲ್ಸ್ಟರ್ ನಾಡಿನ ಮೇಲೆ ದಂಡೆತ್ತಿ ಹೋಗುತ್ತಾಳೆ. ಹೋರಿಗೂ ಇಷ್ಟು ಗಂಡಸುತನದ ಗರ್ವ ಕೊಟ್ಟ ಕಥೆಗಾರ ಯಾರೋ ನಮ್ಮ ಕಡೆಯವನೇ ಇರಬೇಕೆಂದು ನಾನು ನಕ್ಕೆ.

ಯುದ್ಧದ ಕೊನೆಯಲ್ಲಿ, ಸೈನ್ಯ ಹಿಂದೆಗೆಯುವ ಹೊತ್ತಿಗೆ, ಮೇವಳಿಗೆ ರಕ್ತಸ್ರಾವವಾಗುತ್ತದೆ. ಕಿನ್ಸೆಲ್ಲಾ ಅದನ್ನು ಇದ್ದಂತೆ ಇಟ್ಟಿದ್ದಾನೆ. ಗ್ರೆಗರಿಯಲ್ಲಿ ಅದಿಲ್ಲ. ತನ್ನ ಊರು ಕಿಲ್ಟಾರ್ಟನ್ನಿನ ಜನಕ್ಕೆ ಪುಸ್ತಕವನ್ನು ಅರ್ಪಿಸುತ್ತ, ನಿಮಗೆ ಬೇಡವೆನಿಸಬಹುದಾದ ಎಷ್ಟನ್ನೋ ಬಿಟ್ಟಿದ್ದೇನೆ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಆಕೆಯನ್ನು ಬೈಯಲು ನನಗೆ ಮನಸ್ಸು ಬರದು. ಹಳ್ಳಿಯವರ ಮಾತಿನ ಧಾಟಿಯ ಇಂಗ್ಲಿಷಿನಲ್ಲಿ ದೇವರ ಕಥೆ ಹೇಳಬಹುದೆಂದು ತೋರಿಸಿದ ಹೆಂಗಸು ಆಕೆ; ಯೇಟ್ಸ್ ಮುನ್ನುಡಿಯಲ್ಲಿ ಆ ಪುಸ್ತಕವನ್ನು ಎತ್ತರಕ್ಕೆ ಏರಿಸಿದ್ದು ಸುಮ್ಮನೆ ಅಲ್ಲ. ಆದರೆ ಮುಟ್ಟು ಕಳೆದರೆ ಮೇವ್ ಏನಾಗಿ ಉಳಿಯುತ್ತಾಳೆ? ದುರಾಸೆಯ ರಾಣಿ ಮಾತ್ರ. ಕಿನ್ಸೆಲ್ಲಾನ ಪುಟದಲ್ಲಿ ಆಕೆ ಸೋತ ಸೈನ್ಯದ ಹಿಂಬದಿಯನ್ನು ಕಾಯುತ್ತ, ಅದೇ ಹೊತ್ತಿಗೆ ಮೈಯ ಕಾಟಕ್ಕೂ ಸಿಕ್ಕ ಹೆಂಗಸು. ಅಲ್ಲಿಯೇ ಅವಳ ಪ್ರಿಯಕರ ಫರ್ಗಸ್, ಹೆಣ್ಣುಕುದುರೆಯ ಹಿಂದೆ ಹೋದ ಮಂದೆಯ ಗತಿ ಹೀಗೇ ಎಂಬರ್ಥದ ಮಾತು ಆಡುತ್ತಾನೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಆ ಮಾತಿನ ಕ್ರೌರ್ಯ ತಟ್ಟುವುದು.

ಇದನ್ನೆಲ್ಲ ಮೊದಲು ಬರೆದಿಟ್ಟವರಾದರೂ ಯಾರು? ಕ್ರೈಸ್ತ ಮಠಗಳಲ್ಲಿ ಓದು ಬರಹ ಕಲಿತವರು. ಐರ್ಲೆಂಡಿಗೆ ಸಂತ ಪ್ಯಾಟ್ರಿಕ್ ಬಂದದ್ದು 5ನೆಯ ಶತಮಾನದಲ್ಲಿ. ಈ ಕಥೆಗಳು ಸಿಗುವ ದೊಡ್ಡ ಹಸ್ತಪ್ರತಿಗಳು 12ನೆಯ ಶತಮಾನದವು. ಲೈನ್‌ಸ್ಟರ್ ಗ್ರಂಥವೆಂಬ ಪ್ರತಿಯಲ್ಲಿ ಟಾಯಿನ್ ಮುಗಿದ ಮೇಲೆ ಎರಡು ಟಿಪ್ಪಣಿಗಳಿವೆ. ಮೊದಲನೆಯದು ಐರಿಷ್‌ನಲ್ಲಿ: ಈ ಕಥೆಯನ್ನು ಬದಲಿಸದೆ ಬಾಯಿಪಾಠ ಮಾಡಿದವರಿಗೆ ಒಳ್ಳೆಯದಾಗಲಿ ಎಂಬ ಹರಕೆ. ಎರಡನೆಯದು ಲ್ಯಾಟಿನ್ನಿನಲ್ಲಿ: ಇದರಲ್ಲಿ ಕೆಲವು ಪಿಶಾಚಿಗಳ ಮೋಸ, ಕೆಲವು ಕವಿಗಳ ಕಟ್ಟುಕಥೆ, ಕೆಲವು ಮೂರ್ಖರ ಮನರಂಜನೆ, ನಾನಂತೂ ನಂಬುವುದಿಲ್ಲ ಎಂಬ ಕೈತೊಳೆತ. ಓದಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಮನೆಮಾತಿನಲ್ಲಿ ಹರಸುವುದು, ದೊಡ್ಡವರ ಭಾಷೆಯಲ್ಲಿ ಕ್ಷಮೆ ಕೇಳುವುದು! ಹುಣ್ಣಿಮೆಗೆ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಉಡಿ ತುಂಬಿ ಬಂದು, ವಿಚಾರ ಸಂಕಿರಣದಲ್ಲಿ ‘ಮೂಢನಂಬಿಕೆ’ ಎಂದು ಇಂಗ್ಲಿಷಿನಲ್ಲಿ ಬರೆದು ಓದುವ ನಮ್ಮವರು ನೆನಪಾದರು.

ಮಾರ್ಕ್ ವಿಲಿಯಮ್ಸ್ ಎಂಬ ವಿದ್ವಾಂಸ 2016ರಲ್ಲಿ ‘ಐರ್ಲೆಂಡ್ಸ್ ಇಮ್ಮಾರ್ಟಲ್ಸ್’ ಎಂಬ ದಪ್ಪ ಪುಸ್ತಕ ಬರೆದಿದ್ದಾನೆ. ನಮ್ಮ ಕೈಗೆ ಸಿಗುವ ದೇವರುಗಳು ಬಹುಮಟ್ಟಿಗೆ ಆ ಕ್ರೈಸ್ತ ಲೇಖಕರು ರೂಪಿಸಿದ ದೇವರುಗಳು, ಅವರ ಬೆನ್ನ ಹಿಂದೆ ಶುದ್ಧವಾದ ಹಳೆಯ ಧರ್ಮವನ್ನು ಹಾಗೆಯೇ ಕಾಣುತ್ತೇವೆಂಬುದು ಭ್ರಮೆ ಎಂಬುದು ಆತನ ವಾದದ ತಿರುಳು. ಈ ಎಚ್ಚರ ನಮಗೂ ಬೇಕು. ಅಲ್ಲಿಯ ದನು ನಮ್ಮ ವೇದದ ದನು, ಅಲ್ಲಿಯ ಬ್ರಿಗಿಡ್ ನಮ್ಮ ಬೃಹತಿ ಎಂದು ಹೆಸರಿಗೆ ಹೆಸರು ಗಂಟು ಹಾಕುವ ಉತ್ಸಾಹ ನಮ್ಮಲ್ಲಿ ಬಹಳ. ಭಾಷೆಗಳಿಗೆ ನೆಂಟಸ್ತಿಕೆ ಇರಬಹುದು. ನನಗೆ ಮುಖ್ಯವಾದ ಸಾಮ್ಯ ಸಿಕ್ಕಿದ್ದು ಹೆಸರಿನಲ್ಲಲ್ಲ, ಬೇನೆಯಲ್ಲಿ.

ಕಿನ್ಸೆಲ್ಲಾ ಮುಖ್ಯ ಕಥೆಗೆ ಮುನ್ನ ಕೆಲವು ಉಪಕಥೆಗಳನ್ನು ಕೊಟ್ಟಿದ್ದಾನೆ. ಅದರಲ್ಲೊಂದು ಮಾಖಾಳದು. ಹೆಂಡತಿ ಸತ್ತ ಒಕ್ಕಲಿಗನೊಬ್ಬನ ಮನೆಗೆ ಒಂದು ದಿನ ಅಪರಿಚಿತ ಹೆಂಗಸು ಬಂದು, ಮಾತಿಲ್ಲದೆ ಒಲೆ ಹಚ್ಚಿ ಸಂಸಾರ ನಡೆಸತೊಡಗುತ್ತಾಳೆ. ಮನೆ ತುಂಬುತ್ತದೆ, ಅವಳ ಹೊಟ್ಟೆಯೂ ತುಂಬುತ್ತದೆ. ಜಾತ್ರೆಗೆ ಹೊರಟ ಗಂಡನಿಗೆ ಬಾಯಿ ಬಿಗಿಹಿಡಿ ಎನ್ನುತ್ತಾಳೆ. ಅವನೋ, ರಾಜನ ಕುದುರೆಗಳಿಗಿಂತ ನನ್ನ ಹೆಂಡತಿ ಜೋರಾಗಿ ಓಡುತ್ತಾಳೆಂದು ಜಂಬ ಕೊಚ್ಚುತ್ತಾನೆ. ತುಂಬು ಬಸುರಿಯನ್ನು ಹಿಡಿದು ತರಿಸುತ್ತಾರೆ. ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾಳೆ, ಹೆರಿಗೆಯಾಗುವವರೆಗೆ ತಡೆಯಿರಿ ಎಂದು ಬೇಡುತ್ತಾಳೆ. ನೆರೆದ ಗಂಡಸರಲ್ಲಿ ಒಬ್ಬನೂ ಬಾಯಿಬಿಡುವುದಿಲ್ಲ. ಓಡುತ್ತಾಳೆ, ಕುದುರೆಗಳನ್ನು ಹಿಂದೆ ಹಾಕುತ್ತಾಳೆ, ಅಂಕದ ಕೊನೆಗೆ ಅವಳಿ ಹೆರುತ್ತಾಳೆ. ಅವಳ ಚೀರು ಕೇಳಿದ ಗಂಡಸರಿಗೆಲ್ಲ ಶಾಪ: ನಾಡಿಗೆ ಕಷ್ಟ ಬಂದಾಗಲೆಲ್ಲ ಐದು ದಿನ ನಾಲ್ಕು ರಾತ್ರಿ ಹೆರಿಗೆಬೇನೆ, ಒಂಬತ್ತು ತಲೆಮಾರಿನವರೆಗೆ. ಮೇವಳ ದಂಡು ಬಂದಾಗ ಅಲ್ಸ್ಟರಿನ ವೀರರೆಲ್ಲ ಹಾಸಿಗೆಯಲ್ಲಿ ನರಳುತ್ತಿದ್ದದ್ದು ಇದರಿಂದ.

ನಮ್ಮ ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ ದೊಡ್ಡದು. ಹೆಣ್ಣುಮಕ್ಕಳು ಕುಳಿತು ಕೂದಲು ಬಿಡಿಸುತ್ತಾರೆ, ಉದ್ದ ನೋಡಿ ಜೋಡಿಸುತ್ತಾರೆ. ನಮ್ಮ ಓಣಿಯಲ್ಲಿ ಹಾಗೆ ಕುಳಿತವರಿಗೆ ಈ ಕಥೆ ಹೇಳಿದೆ. ಕೈ ನಿಲ್ಲಿಸದೆ ಕೇಳಿದ ಒಬ್ಬಾಕೆ, ‘ಐದು ದಿನ ಕಡಿಮಿ ಆತು ಬಿಡ್ರೀ ಅಕ್ಕೋರ’ ಎಂದಳು. ಇನ್ನೊಬ್ಬಳು, ‘ಆಕಿ ಗಂಡಗ ಬ್ಯಾರೆ ಶಿಕ್ಷಾ ಏನೂ ಇಲ್ಲೇನ್ರೀ?’ ಎಂದು ಕೇಳಿದಳು. ವಿಮರ್ಶಕರ ಯಾವ ಪುಸ್ತಕದಲ್ಲೂ ನಾನು ಈ ಪ್ರಶ್ನೆ ಕಂಡಿಲ್ಲ.

ಪಂಡಿತರು ಮಾಖಾಳನ್ನು ಕುದುರೆಯ ದೇವತೆ, ಭೂಮಿಯ ದೇವತೆ ಎನ್ನುತ್ತಾರೆ. ಮೇವಳನ್ನು ರಾಜ್ಯಲಕ್ಷ್ಮಿ ಎನ್ನುತ್ತಾರೆ. ಇರಬಹುದು. ಆದರೆ ಆ ಜಾತ್ರೆಯಲ್ಲಿ ಮಾಖಾ ಬೇಡಿಕೊಂಡದ್ದು ದೇವತೆಯಾಗಿ ಅಲ್ಲ, ಬಸುರಿಯಾಗಿ. ಭೂಮಿಯ ಸಂಕೇತವೆಂದು ಬರೆದ ಕೂಡಲೇ ಆ ಬೇಡಿಕೆ ಕಿವಿಗೆ ಬೀಳುವುದು ನಿಂತುಹೋಗುತ್ತದೆ. ನನ್ನ ತಕರಾರು ಇದೊಂದೇ, ಆದರೆ ಗಟ್ಟಿ ತಕರಾರು. ಇದು ದೇವಿಯ ಹೆಸರಿನಲ್ಲಿ ಹುಡುಗಿಯರನ್ನು ಬಿಟ್ಟ ಸೀಮೆ. 1982ರಲ್ಲಿ ದೇವದಾಸಿ ನಿಷೇಧದ ಕಾಯ್ದೆ ಮಾಡಬೇಕಾಗಿ ಬಂದದ್ದು ಇಂಥ ಸೀಮೆಗಳಿಗಾಗಿಯೇ. ತಲೆಯಲ್ಲಿ ಜಡೆ ಗಂಟುಕಟ್ಟಿದರೆ ಎಲ್ಲಮ್ಮ ಕರೆದಳೆಂದು ಹೇಳುತ್ತಿದ್ದರು. ಕೂದಲಿಗೆ ತೂಕದ ಲೆಕ್ಕದಲ್ಲಿ ದುಡ್ಡು ಎಣಿಸುವ ಊರಿನ ಸುತ್ತಲೇ ಆ ಜಡೆಗೆ ಕತ್ತರಿ ಹಾಕಲು ಹೆದರುವವರಿದ್ದರು. ದೇವಿಯನ್ನು ಸ್ವತಂತ್ರ ಹೆಣ್ಣಿನ ಪ್ರತೀಕವೆಂದು ಹಾಡಿಹೊಗಳುವ ಪ್ರಬಂಧಗಳನ್ನು ಓದುವಾಗ, ಆಕೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿ ಯಾವ ಅಧ್ಯಾಯದಲ್ಲಿದ್ದಾಳೆ ಎಂದು ನಾನು ಹುಡುಕುತ್ತೇನೆ.

ಮಾಖಾಳಿಗೆ ನಮ್ಮಲ್ಲೊಬ್ಬ ತಂಗಿ ಇದ್ದಾಳೆ. ಮಲೆ ಮಾದೇಶ್ವರ ಕಾವ್ಯದ ಸಂಕಮ್ಮ. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾದೆಮಿ ತಂದಿತು. ಸಂಕಮ್ಮನ ಗಂಡ ನೀಲೇಗೌಡ ಮಲೆಗೆ ಹೊರಡುವ ಮುನ್ನ, ನಾನು ಬರುವವರೆಗೆ ಪತಿವ್ರತೆಯಾಗಿರುತ್ತೇನೆಂದು ಭಾಷೆ ಕೊಡು ಎನ್ನುತ್ತಾನೆ. ಆಕೆ ಒಲ್ಲೆ ಎನ್ನುತ್ತಾಳೆ. ಹಿಂಸೆ ಕೊಡುತ್ತಾನೆ, ಆದರೂ ಒಲ್ಲೆ. ಕಾಡಿನ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದೇಶ್ವರ ಬಂದು ಬಿಡಿಸುತ್ತಾನೆ, ಅವಳಿ ಮಕ್ಕಳ ವರ ಕೊಡುತ್ತಾನೆ: ಕಾರಯ್ಯ, ಬಿಲ್ಲಯ್ಯ.

ಇಲ್ಲೂ ಅವಳಿ, ಇಲ್ಲೂ ಗಂಡನ ಬಾಯಿಯಿಂದ ಬಂದ ಕಷ್ಟ. ಬೇಡರ ಕುಲವೊಂದು ಮಾದಪ್ಪನ ಒಕ್ಕಲಾದ ಬಗೆ ಇದೆಂದು ಓದುವವರಿದ್ದಾರೆ. ಆ ಓದಿನಲ್ಲಿ ತಪ್ಪಿಲ್ಲ. ನನಗೆ ಕಥೆಯ ಜೀವ ಕಾಣುವುದು ಆ ‘ಒಲ್ಲೆ’ಯಲ್ಲಿ. ತಪ್ಪು ಮಾಡುವ ಮನಸ್ಸಿದ್ದವಳಾದರೆ ಭಾಷೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಳು. ಕೊಟ್ಟರೆ ಅನುಮಾನವನ್ನು ಒಪ್ಪಿಕೊಂಡಂತೆ ಎಂಬುದು ಸಂಕಮ್ಮನಿಗೆ ಗೊತ್ತು. ಮಾಖಾ ಬೇಡಿ, ಸೋತು, ಆಮೇಲೆ ಶಪಿಸಿದಳು. ಇವಳು ಬೇಡಲೂ ಇಲ್ಲ, ಶಪಿಸಲೂ ಇಲ್ಲ. ಇಬ್ಬರಲ್ಲಿ ನನಗೆ ಸಂಕಮ್ಮನೇ ಹೆಚ್ಚು. ನಮ್ಮವಳೆಂಬ ಪಕ್ಷಪಾತ ಸ್ವಲ್ಪ ಇದ್ದೀತು.

ಅನುವಾದದಲ್ಲಿ ಮೇವಳ ಮುಟ್ಟನ್ನು ಉಳಿಸಬಹುದು, ಧೈರ್ಯವೊಂದಿದ್ದರೆ ಸಾಕು. ಸಂಕಮ್ಮನ ‘ಭಾಷೆ’ಯನ್ನು ಉಳಿಸುವುದು ಕಷ್ಟ. ಇಂಗ್ಲಿಷಿನಲ್ಲಿ ಆಣೆಗೆ ಒಂದು ಶಬ್ದ, ಆಡುವ ನುಡಿಗೆ ಇನ್ನೊಂದು. ನಮ್ಮಲ್ಲಿ ಎರಡಕ್ಕೂ ಒಂದೇ. ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಈ ಭಾಗ ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, ‘ಅವ ಭಾಷೆ ಕೇಳ್ದ, ಆಕಿ ಕೊಡ್ಲಿಲ್ಲ; ಅಂದ್ರ ಆಕಿ ಮಾತಾಡೂದ ಬಿಟ್ಲೇನ್ರೀ ಟೀಚರ್?’ ಎಂದಳು. ಇಡೀ ತರಗತಿ ನಕ್ಕಿತು. ನಾನು ಅವಳಿಗೆ ಕೂಡಲು ಹೇಳದೆ, ಅದನ್ನೇ ಕರಿಹಲಗೆಯ ಮೇಲೆ ಬರೆದು, ಎಲ್ಲರೂ ಉತ್ತರ ಬರೆದುಕೊಂಡು ಬನ್ನಿ ಎಂದೆ.