ಹಡಗಿನ ಹೊತ್ತು, ದಡದ ದಾರಿ

ಪ್ರವಾಸ ಕಥನಗಳಲ್ಲಿ ಹಡಗಿನ ಪ್ರವಾಸದ್ದು ಒಂದು ಪ್ರತ್ಯೇಕ ಜಾತಿ. ಕಾಲ್ನಡಿಗೆಯವನು ದಣಿದಲ್ಲಿ ನಿಲ್ಲುತ್ತಾನೆ. ರೈಲಿನವನು ಒಂದು ಗಾಡಿ ತಪ್ಪಿದರೆ ಮತ್ತೊಂದನ್ನು ಹಿಡಿಯುತ್ತಾನೆ. ಹಡಗಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಊಟ, ಹಾಸಿಗೆ, ಪೆಟ್ಟಿಗೆ, ಜೊತೆಗಾರರು ಎಲ್ಲವೂ ಬಂದರಿನಲ್ಲಿ ತೇಲುತ್ತಿರುತ್ತವೆ; ಗೊತ್ತಾದ ಹೊತ್ತಿಗೆ ಹಡಗು ಲಂಗರು ಎತ್ತುತ್ತದೆ. ಅವನು ನೋಡಲೆಂದು ಬಂದ ವಸ್ತುವಾದರೋ ಬಂದರಿನಲ್ಲಿ ಇರುವುದಿಲ್ಲ. ಪಿರಮಿಡ್ಡುಗಳು ಅಲೆಕ್ಸಾಂಡ್ರಿಯದ ಕಟ್ಟೆಯ ಮೇಲಿಲ್ಲ. ಜೆರೂಸಲೇಮು ಯಾಫಾದ ಮರಳಿನಲ್ಲಿಲ್ಲ. ಆದುದರಿಂದ ಹಡಗನ್ನು ಬಿಟ್ಟು ಒಳನಾಡಿಗೆ ಹೋಗಿ, ಕಾಣಬೇಕಾದುದನ್ನು ಕಂಡು, ಅದೇ ಬಂದರಿನಲ್ಲೋ ಮುಂದಿನ ಬಂದರಿನಲ್ಲೋ ಮತ್ತೆ ಹಡಗನ್ನು ಸೇರಿಕೊಳ್ಳುವ ಲೆಕ್ಕಾಚಾರ ಅವನ ಪಾಲಿಗೆ ಬರುತ್ತದೆ.

ಈ ಒಳನಾಡಿನ ಸುತ್ತಿಗೆ 'ಉಪಯಾತ್ರೆ' ಎಂದು ಹೆಸರಿಡಬಹುದು. ಉಪಕಥೆ ಎಂಬ ಮಾತು ನಮ್ಮಲ್ಲಿ ರೂಢವಾಗಿಯೇ ಇದೆ. ವನಪರ್ವದಲ್ಲಿ ಪಾಂಡವರ ಕಥೆ ನಿಂತಲ್ಲಿ ನಿಂತು, ನಳನ ಕಥೆಯೂ ಸಾವಿತ್ರಿಯ ಕಥೆಯೂ ಹರಿದುಬಂದು ಮತ್ತೆ ಮೂಲಪ್ರವಾಹವನ್ನು ಕೂಡಿಕೊಳ್ಳುತ್ತವೆ. ಓದುಗನ ನೆನಪಿನಲ್ಲಿ ಉಳಿಯುವುದು ಎಷ್ಟೋ ಸಲ ಆ ಬಳಸುದಾರಿಯೇ. ಹಡಗಿನ ಗ್ರಂಥಗಳಲ್ಲಿಯೂ ಹೀಗೆಯೇ. ಸಮುದ್ರದ ಮೇಲಿನ ಪುಟಗಳು ಸಾಮಾನ್ಯವಾಗಿ ಒಂದೇ ಎರಕದವು: ಓಕರಿಕೆ, ಊಟದ ಗಂಟೆ, ಸೂರ್ಯಾಸ್ತ. ಗ್ರಂಥದ ಜೀವ ಇರುವುದು ಉಪಯಾತ್ರೆಯಲ್ಲಿ. ಅದನ್ನು ಲೇಖಕ ಹೇಗೆ ಹೂಡಿದ, ಯಾವುದನ್ನು ಬಿಟ್ಟು ಯಾವುದನ್ನು ಆರಿಸಿದ ಎಂಬುದನ್ನು ವಿಮರ್ಶಕನು ಕೇಳಲೇಬೇಕು. ಹಡಗಿನವರು ಅವಸರದವರು, ಅವಸರದಲ್ಲಿ ಕಂಡದ್ದು ಕಂಡಂತಲ್ಲ ಎಂಬ ತೀರ್ಪು ಪಂಡಿತರಲ್ಲಿ ಬಹಳ ದಿನದಿಂದ ಇದೆ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಒಪ್ಪಿಗೆಯಾಗದಿರುವುದಕ್ಕೆ ಕಾರಣ ಮಾರ್ಕ್ ಟ್ವೇನನ 'ದಿ ಇನ್ನೊಸೆಂಟ್ಸ್ ಅಬ್ರಾಡ್'.

1867ರ ಜೂನ್ ತಿಂಗಳಲ್ಲಿ 'ಕ್ವೇಕರ್ ಸಿಟಿ' ಎಂಬ ಉಗಿಹಡಗು ನ್ಯೂಯಾರ್ಕಿನಿಂದ ಹೊರಟಿತು, ನವೆಂಬರಿನಲ್ಲಿ ಹಿಂತಿರುಗಿತು. ಸರಕು ಸಾಗಿಸಲು ಅಲ್ಲ, ವಲಸೆಗಾರರನ್ನು ಒಯ್ಯಲು ಅಲ್ಲ, ಕೇವಲ ನೋಡಿಬರುವ ಸಂತೋಷಕ್ಕಾಗಿ ಒಂದು ಇಡೀ ಹಡಗು ಅಟ್ಲಾಂಟಿಕ್ ದಾಟಿದ್ದು ಅಂದಿಗೆ ಹೊಸ ಸಂಗತಿ. ತಲೆಗೆ 1,250 ಡಾಲರು. ಟ್ವೇನನಿಗೆ ಆಗ ಮೂವತ್ತೊಂದು ವರ್ಷ. ಕ್ಯಾಲಿಫೋರ್ನಿಯದ 'ಆಲ್ಟಾ' ಪತ್ರಿಕೆ ಅವನ ಹಣ ಕಟ್ಟಿತ್ತು, ಅವನು ಪತ್ರಗಳನ್ನು ಬರೆದು ಕಳಿಸಬೇಕಾಗಿತ್ತು. ಆ ಪತ್ರಗಳನ್ನು ತಿದ್ದಿ ಬೆಳೆಸಿದ ಗ್ರಂಥ 1869ರಲ್ಲಿ ಹೊರಬಂತು.

ಗ್ರಂಥದ ಮೊದಲಲ್ಲಿಯೇ ಟ್ವೇನ್ ಯಾತ್ರೆಯ ಪ್ರಕಟಣಪತ್ರವನ್ನು ಪೂರ್ತಿಯಾಗಿ ಅಚ್ಚುಹಾಕಿದ್ದಾನೆ. ಇದನ್ನು ಬಹುಮಂದಿ ಓದದೆ ದಾಟಿಬಿಡುತ್ತಾರೆ, ದಾಟಬಾರದು. ಉಪಯಾತ್ರೆಗಳ ನಕ್ಷೆಯೆಲ್ಲ ಅಲ್ಲಿದೆ. ಜಿನೋವಾದಲ್ಲಿ ಇಳಿದವರು ಮಿಲಾನಿಗೂ ವೆನಿಸಿಗೂ ಹೋಗಬಹುದು. ಬೈರೂತಿನಲ್ಲಿ ಇಳಿದವರು ದಮಾಸ್ಕಸ್ಸನ್ನು ಕಂಡು ಹಿಂದಿರುಗಬಹುದು. ಇಲ್ಲವೆ ಅಲ್ಲಿಂದ ನೆಲದ ಮೇಲೆಯೇ ಗಲಿಲಿ, ಸಮಾರಿಯಗಳನ್ನು ಹಾದು ಯಾಫಾದಲ್ಲಿ ಹಡಗನ್ನು ಸೇರಬಹುದು. ದಡದ ಖರ್ಚು ದಿನಕ್ಕೆ ಐದು ಡಾಲರು, ಅದೂ ಚಿನ್ನದಲ್ಲಿ. ಎಷ್ಟು ಅಚ್ಚುಕಟ್ಟಾದ ಕಾಗದ! ಇದರಲ್ಲಿ ಇಲ್ಲದ್ದು ಒಂದೇ: ಹೋದವನ ಮನಸ್ಸು ಅಲ್ಲಿ ಏನು ಮಾಡುತ್ತದೆ ಎಂಬುದು. ಮುಂದಿನ ನೂರಾರು ಪುಟಗಳು ಆ ಕಾಗದಕ್ಕೆ ಬರೆದ ಟೀಕೆ ಎಂದರೂ ಸಲ್ಲುತ್ತದೆ.

ಟ್ವೇನನಿಗಿಂತ ಮೊದಲು ಈ ದಾರಿಯಲ್ಲಿ ಹೋದವನು ಥ್ಯಾಕರೆ. 1844ರಲ್ಲಿ ಪಿ. ಅಂಡ್ ಒ. ಕಂಪನಿಯವರು ಅವನನ್ನು ಧರ್ಮಾರ್ಥವಾಗಿ ಕರೆದೊಯ್ದರು. 1846ರಲ್ಲಿ ಅವನ ಪೂರ್ವಯಾತ್ರೆಯ ಪುಸ್ತಕ ಬಂತು. ಪಿರಮಿಡ್ಡುಗಳನ್ನು ಅವನು ಮೊದಲು ಕಂಡದ್ದು ದೋಣಿಯಿಂದ. ಭಕ್ತಿಯಿಂದ ಬೆರಗಾಗಬೇಕೆಂದು ಎಲ್ಲರೂ ಯತ್ನಿಸುತ್ತಿರುವಾಗಲೇ ಬೆಳಗಿನ ಉಪಾಹಾರ ಬಂದು, ಬೆರಗು ಕಾಫಿಯ ಮೇಲಿನ ನೂಕುನುಗ್ಗಲಿನಲ್ಲಿ ಕರಗಿಹೋಯಿತೆಂದು ಅವನು ಬರೆಯುತ್ತಾನೆ. ಹಾಸ್ಯ ಸೊಗಸಾಗಿದೆ. ಆದರೆ ಥ್ಯಾಕರೆಯ ಹಾಸ್ಯ ಆರಾಮಕುರ್ಚಿಯದು. ಏನನ್ನೂ ಬಹಳವಾಗಿ ಬಯಸದವನ ಹಾಸ್ಯ. ಟ್ವೇನ್ ಬಯಸಿದವನು, ಬಯಸಿ ಕೆರಳಿದವನು. ಆ ಕಾರಣಕ್ಕೇ ಅವನ ಗ್ರಂಥ ಒರಟಾದರೂ ದೊಡ್ಡದು.

ಅವನ ಅತಿ ದೀರ್ಘವಾದ ಉಪಯಾತ್ರೆ ಬೈರೂತಿನಿಂದ ಯಾಫಾದವರೆಗಿನದು. ಯಾತ್ರಿಕರು ಎಂಟು ಜನ. ಅವರ ಸೇವೆಗೆ ಹತ್ತೊಂಬತ್ತು ಆಳುಗಳು, ಇಪ್ಪತ್ತಾರು ಹೇರಿನ ಹೇಸರಗತ್ತೆಗಳು. ಡೇರೆಯೊಳಗೆ ಜಮಖಾನೆ, ಮೇಜಿನ ಮೇಲೆ ಬೆಳ್ಳಗಿನ ಬಟ್ಟೆ. ಯೋಜನೆಯೆಂದರೆ ಇದು. ಆದರೂ ಈ ಭಾಗ ಓದುವಾಗ ಏನೋ ಕಿರಿಕಿರಿ. ಅದು ಲೇಖಕನ ಕಿರಿಕಿರಿಯೇ ಓದುಗನಿಗೆ ಹತ್ತಿದ್ದು. ಬಾಲ್ಬೆಕ್‌ನಿಂದ ದಮಾಸ್ಕಸ್ಸಿಗೆ ಮೂರು ದಿನದ ದಾರಿ. ಭಾನುವಾರ ಪ್ರಯಾಣ ಮಾಡಿದರೆ ಸಬ್ಬತ್ತಿಗೆ ಭಂಗವೆಂದು ಭಕ್ತಮಂಡಳಿ ಅದನ್ನು ಎರಡೇ ದಿನಕ್ಕೆ ಇಳಿಸಿತು. ಬೆನ್ನು ಹುಣ್ಣಾದ, ಕಾಲು ಕುಂಟುವ ಕುದುರೆಗಳನ್ನು ಸುಡುಬಿಸಿಲಿನಲ್ಲಿ ಹೊಡೆದು ಓಡಿಸಿದರು. ಧರ್ಮದ ಅಕ್ಷರವನ್ನು ಉಳಿಸಿಕೊಳ್ಳಲು ಅದರ ಪ್ರಾಣವನ್ನೇ ತೆಗೆದರೆಂದು ಟ್ವೇನ್ ಇಲ್ಲಿ ನಿಜವಾಗಿ ಸಿಟ್ಟಾಗುತ್ತಾನೆ; ನಗೆಗಾರನ ಮುಖವಾಡ ಒಂದು ಕ್ಷಣ ಜಾರುತ್ತದೆ.

ಇದೇ ಮಂಡಳಿ ಗಲಿಲಿಯ ದಡಕ್ಕೆ ಬಂದಾಗಿನ ಪ್ರಸಂಗ ಗ್ರಂಥದ ನಲವತ್ತೇಳನೆಯ ಅಧ್ಯಾಯದಲ್ಲಿದೆ. ಏಸು ನಡೆದ ನೀರು. ಪೇತ್ರನು ಬಲೆ ಬೀಸಿದ ನೀರು. ಆ ನೀರಿನ ಮೇಲೆ ಒಮ್ಮೆ ದೋಣಿಯಲ್ಲಿ ಸಾಗಬೇಕೆಂಬುದು ಇವರಿಗೆ ಬಾಲ್ಯದ ಆಸೆ. ಅದೃಷ್ಟಕ್ಕೆ ಒಂದು ದೋಣಿ ಕಾಣಿಸಿತು. ಎಂಟು ಜನಕ್ಕೆ ಎಷ್ಟು ಎಂದು ದುಭಾಷಿಯ ಮೂಲಕ ಕೇಳಿದರು. ಎರಡು ನೆಪೋಲಿಯನ್, ಎಂದರೆ ಎಂಟು ಡಾಲರು. ಹೆಚ್ಚಾಯಿತು, ಒಂದು ಕೊಡುತ್ತೇವೆ ಎಂದರು. ಮಾತು ಬಾಯಿಂದ ಬಿದ್ದದ್ದೇ ತಡ, ದೋಣಿ ತಿರುಗಿ ಹೊರಟೇಹೋಯಿತು. ದಡದಲ್ಲಿ ಓಡಿದರು, ಕೂಗಿದರು, ಕೇಳಿದಷ್ಟೂ ಕೊಡುತ್ತೇವೆಂದರು; ಅಂಬಿಗರು ತಿರುಗಿ ನೋಡಲಿಲ್ಲ. ಕೊನೆಗೆ ತಪ್ಪು ಯಾರದೆಂದು ತಮ್ಮತಮ್ಮಲ್ಲೇ ಜಗಳ.

ಲೆಕ್ಕ ನೋಡಿ: 1,250 ಡಾಲರು ಕೊಟ್ಟು, ಸಾವಿರಾರು ಮೈಲಿ ಬಂದು, ತಲೆಗೆ ಒಂದು ಡಾಲರಿನ ಮೇಲೆ ಚೌಕಾಸಿ! ಈ ಪ್ರಸಂಗವನ್ನು ಸಾಮಾನ್ಯವಾಗಿ ಜಿಪುಣತನದ ವಿಡಂಬನೆಯೆಂದು ಓದುತ್ತಾರೆ. ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಇವರಲ್ಲಿ ಹಣವಿತ್ತು, ಭಕ್ತಿಯೂ ಇತ್ತು. ಇಲ್ಲದ್ದು ಯಾವುದೆಂದರೆ, ಇದು ಆ ಕ್ಷಣ ಎಂಬ ಗುರುತು. ಹಾದಿಯ ಪ್ರತಿ ಊರಿಗೂ, ಪ್ರತಿ ಕಲ್ಲಿಗೂ ಇಷ್ಟಿಷ್ಟು ಭಾವನೆಯೆಂದು ಹಂಚಿಕೊಂಡು ಬಂದವರಿಗೆ ಗಲಿಲಿಯೂ ಪಟ್ಟಿಯ ಒಂದು ಬಾಬತ್ತಾಗಿತ್ತು. ಪುಸ್ತಕಗಳಲ್ಲಿ ಓದಿದ ಕಣ್ಣೀರನ್ನೇ ಇವರು ಆಯಾ ಸ್ಥಳಕ್ಕೆ ಬಂದು ಸುರಿಸುತ್ತಾರೆಂದು ಟ್ವೇನ್ ಮತ್ತೊಂದೆಡೆ ಕುಟುಕುವುದು ಇದನ್ನೇ.

ಇದರ ಎದುರಿಗೆ ಮೂವತ್ತೆರಡನೆಯ ಅಧ್ಯಾಯವನ್ನು ಇಟ್ಟು ನೋಡಬೇಕು. ಹಡಗು ಅಥೆನ್ಸಿನ ಬಂದರಾದ ಪೈರೀಯಸ್ಸಿಗೆ ಬಂದಿದೆ. ಬಂದರಿನ ಅಧಿಕಾರಿ, ಸಾಂಕ್ರಾಮಿಕದ ಭಯದಿಂದ, ಯಾರೂ ಇಳಿಯಕೂಡದೆನ್ನುತ್ತಾನೆ: ಹನ್ನೊಂದು ದಿನ ದಿಗ್ಬಂಧನದಲ್ಲಿರಿ, ಇಲ್ಲವೆ ಹೊರಡಿ. ಕಪ್ತಾನ ಹೊರಡುವುದೆಂದು ನಿಶ್ಚಯಿಸಿದ. ದೂರದಲ್ಲಿ ಅಕ್ರೊಪೊಲಿಸಿನ ಗುಡ್ಡ; ದುರ್ಬೀನಿಗೆ ಕಾಣುತ್ತದೆ, ಕಾಲಿಗೆ ದಕ್ಕುವುದಿಲ್ಲ. ಪ್ರಕಟಣಪತ್ರದ ಉಪಯಾತ್ರೆ ಅಲ್ಲಿಗೆ ಮುಗಿಯಿತು. ಆಗ ನಾಲ್ವರು ಬೇರೊಂದನ್ನು ಹೂಡಿದರು. ರಾತ್ರಿ ಹನ್ನೊಂದರ ಸುಮಾರಿಗೆ ಸಣ್ಣ ದೋಣಿಯಲ್ಲಿ ದಡಕ್ಕೆ. ಸಿಕ್ಕಿಬಿದ್ದರೆ ಸೆರೆಮನೆ. ಊರನ್ನು ಬಳಸಿಕೊಂಡು, ಉತ್ತ ಹೊಲಗಳನ್ನು ತುಳಿದು, ಗುಡ್ಡವೊಂದನ್ನೇ ಗುರಿಯಾಗಿಟ್ಟುಕೊಂಡು ಐದಾರು ಮೈಲಿ ನಡೆದರು. ದಾರಿಯಲ್ಲಿ ದ್ರಾಕ್ಷಿ ಕದ್ದರು, ಕಾವಲುಗಾರರು ಕೂಗಿಕೊಂಡರು, ನಾಯಿಗಳು ಬೆನ್ನುಹತ್ತಿದವು. ಕೋಟೆಯ ಬಾಗಿಲು ಮುಚ್ಚಿತ್ತು. ಕಾವಲಿನವರಿಗೆ ಲಂಚ ಕೊಟ್ಟರು. ಒಳಗೆ ಹೋದರೆ ಪಾರ್ಥೆನಾನು, ಬೆಳದಿಂಗಳು, ನೆಲದ ಮೇಲೆ ಮುರಿದುಬಿದ್ದ ಅಮೃತಶಿಲೆಯ ಮುಖಗಳು, ಕೆಳಗೆ ನಿದ್ರಿಸುವ ಅಥೆನ್ಸು. ಬೆಳಗಾಗುವ ಹೊತ್ತಿಗೆ ಮತ್ತೆ ಹಡಗಿನಲ್ಲಿ.

ಇಡೀ ಗ್ರಂಥದಲ್ಲಿ ಇದಕ್ಕೆ ಸಮನಾದ ಪುಟಗಳು ಹೆಚ್ಚಿಲ್ಲ. ವಾರಗಟ್ಟಲೆಯ ಪ್ಯಾಲೆಸ್ಟೈನು ಕೊಡದ್ದನ್ನು ಐದಾರು ಗಂಟೆಯ ಅಥೆನ್ಸು ಏಕೆ ಕೊಟ್ಟಿತು? ಬೆಳದಿಂಗಳು ಎಂಬ ಉತ್ತರ ಸಾಲದು. ಬೆಳದಿಂಗಳಿನಲ್ಲಿ ಕೆಟ್ಟ ಗದ್ಯ ಬರೆದವರು ಬೇಕಾದಷ್ಟು ಜನ ಇದ್ದಾರೆ. ಸಾಹಸವೆಂಬ ಉತ್ತರವೂ ಅರೆಯಾದದ್ದು. ಆ ನಾಲ್ವರು ಒಂದನ್ನು ಆರಿಸಿಕೊಂಡರು, ಉಳಿದದ್ದನ್ನೆಲ್ಲ ಬಿಟ್ಟರು. ಅಥೆನ್ಸಿನ ಬೀದಿಗಳಿಲ್ಲ, ಊಟವಿಲ್ಲ, ವಸ್ತುಸಂಗ್ರಹಾಲಯವಿಲ್ಲ. ಬಿಟ್ಟದ್ದರ ಭಾರವೆಲ್ಲ ಆರಿಸಿಕೊಂಡದ್ದರ ಮೇಲೆ ಬಿದ್ದು ಅದು ತುಂಬಿತು. ಅಲ್ಲದೆ, ಈ ಇರುಳಿನ ನೋಟ ಹೀಗಿರಬೇಕೆಂದು ಯಾವ ಕೈಪಿಡಿಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ದ್ರಾಕ್ಷಿಯ ಕಳ್ಳತನ ಇಲ್ಲಿ ಬರಿಯ ನಗೆಚಾಟಿಕೆಯಲ್ಲ. ಆ ಹಾಸ್ಯವಿರುವುದರಿಂದಲೇ ಮುಂದಿನ ಅದ್ಭುತವನ್ನು ನಾವು ನಂಬುತ್ತೇವೆ. ನಾಲ್ವರು ಪಂಡಿತರು ಗಂಭೀರವಾಗಿ ಗುಡ್ಡ ಹತ್ತಿದ್ದರೆ ಆ ಅಮೃತಶಿಲೆ ನಮಗೆ ಅಷ್ಟು ತಣ್ಣಗೆ ತಗಲುತ್ತಿರಲಿಲ್ಲ. ಛಂದಸ್ಸಿನ ಗಣ ಕವಿಗೆ ಏನು ಮಾಡುತ್ತದೆಯೋ ಹಡಗಿನ ಗಡಿಯಾರ ಇಲ್ಲಿ ಅದನ್ನೇ ಮಾಡಿದೆ. ಸಾಮರ್ಥ್ಯವಿಲ್ಲದವನಿಗೆ ಅದು ಕೋಳ, ಉಳ್ಳವನಿಗೆ ಬಿಗಿ.

ಹಾಗೆಂದು ಟ್ವೇನನ ಉಪಯಾತ್ರೆಗಳೆಲ್ಲ ಗೆದ್ದವೆಂದಲ್ಲ. ಮರಳಿ ಹೋಗಲು ಒಂದು ಹಡಗಿದೆ ಎಂಬ ಧೈರ್ಯ ಲೇಖಕನ ನಾಲಗೆಯನ್ನು ಹರಿಯಬಿಡುತ್ತದೆ. ನಾಳೆ ಇವರ ಮುಖ ನೋಡಬೇಕಾಗಿಲ್ಲ ಎನ್ನುವವನು ಇವರ ಬಗೆಗೆ ಏನನ್ನಾದರೂ ಬರೆದಾನು. ಸಿರಿಯ, ಪ್ಯಾಲೆಸ್ಟೈನುಗಳ ಹಳ್ಳಿಯವರನ್ನು ಕುರಿತು ಅವನು ಆಡಿದ ಮಾತುಗಳಲ್ಲಿ ಬಹಳಷ್ಟು ಕಠೋರ, ಕೆಲವು ನಾಚಿಕೆಗೇಡಿನವು. ಭಿಕ್ಷೆಯ ಕೈ ಕಾಣುತ್ತದೆ, ಕೈಯ ಹಿಂದಿನ ಮನುಷ್ಯ ಕಾಣುವುದಿಲ್ಲ. ಒಂದು ಕಡೆ ಮಾತ್ರ ಕಾಣುತ್ತಾನೆ. ಬನಿಯಾಸ್ ಎಂಬಲ್ಲಿ ಜೊತೆಯ ವೈದ್ಯನೊಬ್ಬ ಕಣ್ಣುಬೇನೆಯ ಮಗುವೊಂದಕ್ಕೆ ಔಷಧ ಹಾಕುತ್ತಾನೆ. ಸುದ್ದಿ ಹಬ್ಬಿ ಊರಿಗೆ ಊರೇ ರೋಗಿಗಳನ್ನು ಹೊತ್ತು ಬಂದು ನಿಲ್ಲುತ್ತದೆ. ಹದಿನೆಂಟು ಶತಮಾನಗಳ ಹಿಂದೆ ಇದೇ ನೆಲದಲ್ಲಿ ರೋಗ ಕಳೆಯುವವನೊಬ್ಬನ ಸುತ್ತ ಜನ ಹೀಗೆಯೇ ಮುತ್ತಿದ್ದಿರಬೇಕೆಂದು ಟ್ವೇನನಿಗೆ ತಟ್ಟನೆ ಹೊಳೆಯುತ್ತದೆ. ಅಷ್ಟು ದಿನದಲ್ಲಿ ಅವನು ಬೈಬಲಿನ ನಾಡನ್ನು ಕಂಡದ್ದು ಆ ಬೆಳಿಗ್ಗೆಯೇ ಇರಬೇಕು.

ನಾವೂ ಈಗ ದಡದ ಮೇಲಿನವರೇ. ಪಣಂಬೂರಿನ ಬಂದರಿಗೆ ಬರುವ ವಿಹಾರನೌಕೆಗಳ ಜನ ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ, 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನ ಬಳಿಗೂ ಹೋಗಿ ಅಂದೇ ಹಡಗಿಗೆ ಮರಳುತ್ತಾರೆ. ಅವರಲ್ಲಿ ಒಬ್ಬ ಟ್ವೇನ್ ಇದ್ದರೆ ನಾವು ಅವನ ಪುಸ್ತಕದಲ್ಲಿ ಹೇಗೆ ಕಂಡೇವು ಎಂದು ಯೋಚಿಸಿಕೊಂಡು ಆ ಪುಟಗಳನ್ನು ಓದಿದರೆ ನಗೆ ಸ್ವಲ್ಪ ತಡೆಯುತ್ತದೆ.

ಟ್ವೇನನ ಗ್ರಂಥ ಬಂದ ವರ್ಷದ ನವೆಂಬರಿನಲ್ಲಿಯೇ ಸೂಯೆಜ್ ಕಾಲುವೆ ತೆರೆಯಿತು. ಆಮೇಲೆ ಉಪಯಾತ್ರೆಗೆ ಹೊಸ ಸೂತ್ರವೊಂದು ಸಿಕ್ಕಿತು. ಹಡಗು ಕಾಲುವೆಯಲ್ಲಿ ತೆವಳುತ್ತಿರುವಾಗ ಸೂಯೆಜ್‌ನಲ್ಲಿ ಇಳಿದು, ಕೈರೋ ಮುಟ್ಟಿ, ಪಿರಮಿಡ್ಡು ಕಂಡು, ಪೋರ್ಟ್ ಸೈದಿನಲ್ಲಿ ಅದೇ ಹಡಗನ್ನು ಹತ್ತುವುದು. ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ ಕಾಲದ ನಮ್ಮವರಿಗೂ ಈ ಏರ್ಪಾಟು ಪರಿಚಿತ. ಇಂದಿನ ವಿಹಾರನೌಕೆಗಳು ಅದನ್ನು ಇನ್ನಷ್ಟು ಗಟ್ಟಿ ಮಾಡಿವೆ: ಕಂಪನಿಯ ಬಸ್ಸಿನಲ್ಲಿ ಹೋದರೆ ತಡವಾದರೂ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತ ಏರ್ಪಾಟಿನಲ್ಲಿ ಹೋದವನಿಗೆ ಆ ಭರವಸೆಯಿಲ್ಲ. ಅಕ್ರೊಪೊಲಿಸಿಗೂ 2023ರಿಂದ ದಿನಕ್ಕೆ ಇಪ್ಪತ್ತು ಸಾವಿರ ಜನವೆಂಬ ಮಿತಿ ಬಂದಿದೆ. ಒಳಗೆ ಬಿಡುವುದು ಗಂಟೆಯ ಚೀಟಿಯ ಮೇಲೆ. ಇದನ್ನು ಹಳಿಯುವುದು ಸುಲಭ. ಆದರೆ ಕಲ್ಲು ಉಳಿಯಬೇಕಾದರೆ ಇಂಥ ಕಟ್ಟಳೆ ಬೇಕೇ ಬೇಕು. ನಾಲ್ವರು ಲಂಚ ಕೊಟ್ಟು ನುಗ್ಗಿದ್ದು ಸಾಹಿತ್ಯಕ್ಕೆ ಲಾಭವಾಯಿತೆಂದು ನಾಲ್ಕು ಸಾವಿರ ಜನ ನುಗ್ಗಲಾಗದು.

ಈ ಗ್ರಂಥ ದೊಡ್ಡದು, ನಡುವೆ ಜಾಳೂ ಇದೆ. ಪ್ಯಾರಿಸ್ಸಿನ, ಇಟಲಿಯ ಅಧ್ಯಾಯಗಳಲ್ಲಿ ಮಾರ್ಗದರ್ಶಕರನ್ನು ಗೋಳುಹೊಯ್ದುಕೊಳ್ಳುವ ಹಾಸ್ಯ ಮೊದಲೆರಡು ಸಲ ನಗಿಸಿ ಆಮೇಲೆ ಬೇಸರ ತರುತ್ತದೆ. ಪುರಸೊತ್ತಿಲ್ಲದ ವಾಚಕರು ಮೊದಲು ಮೂವತ್ತೆರಡನೆಯ ಅಧ್ಯಾಯವನ್ನೂ, ಅನಂತರ ನಲವತ್ತೇಳನ್ನೂ ಓದಲಿ. ಸಾಧ್ಯವಾದರೆ ಐವತ್ತೆಂಟನೆಯದನ್ನೂ. ಅಲ್ಲಿ ಟ್ವೇನ್ ಪಿರಮಿಡ್ಡನ್ನು ಹತ್ತಿಸುವ ಅರಬರೊಡನೆ ಗುದ್ದಾಡಿ, ಉಸಿರುಕಟ್ಟಿ, ಬೈದು, ಕೊನೆಗೆ ಸ್ಫಿಂಕ್ಸಿನ ಮುಂದೆ ಬಂದು ನಿಂತು ಇದ್ದಕ್ಕಿದ್ದಂತೆ ಮೆತ್ತಗಾಗುತ್ತಾನೆ. ಕಾಲದ ಸಾಗರವನ್ನೇ ದಿಟ್ಟಿಸುತ್ತಿರುವ ಆ ಕಲ್ಲಿನ ಕಣ್ಣುಗಳ ಬಗೆಗೆ ಅವನು ಬರೆದ ಗದ್ಯ ನಿಧಾನವಾಗಿ ಅಲೆಯಂತೆ ಏಳುತ್ತದೆ. ಅದು ಇಳಿಯುವ ಮೊದಲೇ ಎಲ್ಲಿಂದಲೋ ಟಕ್ ಟಕ್ ಎಂಬ ಸದ್ದು: ಜೊತೆಯವನೊಬ್ಬ, ಮನೆಗೆ ಗುರುತಿಗೆಂದು ಒಯ್ಯಲು, ಸುತ್ತಿಗೆ ಹಿಡಿದು ಸ್ಫಿಂಕ್ಸಿನ ದವಡೆಯಿಂದ ಒಂದು ಚೂರು ಒಡೆಯುತ್ತಿದ್ದಾನೆ.